ಜರಡಿ ಹಿಡಿದ ಹಿಟ್ಟು

"ಕಾಲಿದೆ! ಎಂಟು ಕಾಲು!" ಎಂದು ತುಂಟನೊಬ್ಬ ಬೆಂಚಿನ ಮೇಲೆ ಹತ್ತಿ ನಿಂತ.

ಪರದೆಯ ಮೇಲೆ ಬಿಳಿ ಬಂಡೆಗಳಂತೆ ಬಿದ್ದಿದ್ದವು ಹಿಟ್ಟಿನ ಕಣಗಳು. ಅವುಗಳ ಸಂದಿಯಲ್ಲಿ ಮೈತುಂಬ ರೋಮವಿದ್ದ, ತಿಳಿಬಣ್ಣದ ಜೀವವೊಂದು ತಡವರಿಸುತ್ತ ನಡೆಯುತ್ತಿತ್ತು. ಒಂದನೆಯ ತರಗತಿಗೆ ಡಿಜಿಟಲ್ ಸೂಕ್ಷ್ಮದರ್ಶಕ ಬಂದಾಗ, ದಿನಕ್ಕೊಬ್ಬರಂತೆ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ತರಲು ಟೀಚರ್ ಮಕ್ಕಳಿಗೆ ಹೇಳಿದ್ದಳು. ಉಪ್ಪು, ಈರುಳ್ಳಿ ಸಿಪ್ಪೆ, ಅಪ್ಪನ ಅಂಗಿಯ ನೂಲು ಎಲ್ಲವೂ ಬಂದು ಹೋಗಿದ್ದವು. ಇವತ್ತು ಅಡುಗೆ ಅಜ್ಜಿಯ ಮೊಮ್ಮಗಳ ಸರದಿ. ಮನೆಯಿಂದ ತರಲು ಮರೆತವಳು ಶಾಲೆಯ ಅಡುಗೆಕೋಣೆಗೆ ಓಡಿ, ಅಜ್ಜಿಯ ಡಬ್ಬದಿಂದ ಒಂದು ಚಿಟಿಕೆ ಹಿಟ್ಟು ತಂದಿದ್ದಳು.

"ಅದು ನುಸಿ ಕಣ್ರೋ. ಮಳೆಗಾಲದಲ್ಲಿ ಎಲ್ಲರ ಮನೆ ಹಿಟ್ಟಲ್ಲೂ ಇರುತ್ತೆ. ಬೇಯಿಸಿದ್ರೆ ಏನೂ ಆಗಲ್ಲ" ಎಂದಳು ಟೀಚರ್. ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನ ಸೌಟು ಹಿಡಿದ ಅಜ್ಜಿಯ ಮುಂದೆ ತಟ್ಟೆ ಚಾಚುವವರಿಲ್ಲ.

"ಏನ್ರೋ, ಎಲ್ರಿಗೂ ಒಟ್ಟಿಗೇ ಹೊಟ್ಟೆನೋವು ಬಂತಾ?"

"ನಿನ್ನ ಗಂಜೀಲಿ ಎಂಟು ಕಾಲಿನ ಹುಳ ಇದೆ ಅಜ್ಜಿ."

"ಎಂಟು ಕಾಲಿದ್ದಿದ್ರೆ ಒಲೆ ಹಚ್ಚೋ ಮುಂಚೆನೇ ಓಡಿಹೋಗಿರ್ತಿತ್ತು ಬಿಡೋ" ಎಂದು ಅಜ್ಜಿ ನಕ್ಕಳು. ಜೊತೆಗೆ ಯಾರೂ ನಗಲಿಲ್ಲ.

ಮರುದಿನ ತಾಯಂದಿರು ಬಂದರು. ಅಡುಗೆಯವಳನ್ನು ಬಿಡಿಸಿ, ಇಲ್ಲದಿದ್ದರೆ ಮಕ್ಕಳನ್ನು ಕಳಿಸುವುದಿಲ್ಲ ಎಂದರು. ಅಜ್ಜಿ ಮೊಮ್ಮಗಳಿಬ್ಬರ ಹೊಟ್ಟೆ ನಡೆಯುತ್ತಿದ್ದುದು ಆ ಒಲೆಯಿಂದಲೇ.

"ಬೆಂಕಿ ಹಚ್ಚಿದ್ದು ನೀವು, ನೀರಿಗೆ ನನ್ನ ಹತ್ರ ಬರ್ತೀರಿ" ಎಂದು ಹೆಡ್ ಮಾಸ್ಟರು ಟೀಚರ್ ಕಡೆ ತಿರುಗಿ ಗೊಣಗಿದರು.

"ಒಂದೇ ಒಂದು ದಿನ ಕೊಡಿ ಸಾರ್. ಎಲ್ಲರೂ ಅವರವರ ಮನೆ ಹಿಟ್ಟು ತರಲಿ. ಅವರ ಕಣ್ಣಿಂದಲೇ ನೋಡ್ಲಿ."

ತಾಯಂದಿರು ಪೊಟ್ಟಣ ಹಿಡಿದು ಬಂದು ಸಣ್ಣ ಬೆಂಚುಗಳ ಮೇಲೆ ಮಂಡಿ ಮಡಿಸಿ ಕೂತರು. ಟೀಚರ್ ಮೊದಲನೆಯದನ್ನು ಬಿಚ್ಚಿ ಮಸೂರದ ಕೆಳಗಿಟ್ಟಳು. ಬರೀ ಬಂಡೆಗಳು. ಎರಡನೆಯದು, ಮೂರನೆಯದು. ಹಿಟ್ಟು ಎಷ್ಟು ನಯವಾಗಿತ್ತೆಂದರೆ, ಅವಳ ಉಸಿರು ತಾಗಿದರೆ ಹೊಗೆಯಂತೆ ಏಳುತ್ತಿತ್ತು.

"ಜರಡಿ ಹಿಡಿದಿದ್ದೀರಾ?"

"ಮತ್ತೆ? ತೆಳು ಬಟ್ಟೆಲಿ ಮೂರು ಸಲ ಸೋಸಿದೀನಿ" ಎಂದಳು ತುಂಟನ ತಾಯಿ. "ನಾಲ್ಕು ಜನರೆದುರು ಇಡೋ ಹಿಟ್ಟನ್ನ ಇದ್ದ ಹಾಗೇ ತರೋಕೆ ನಮಗೇನು ಮಾನ ಇಲ್ವಾ ಟೀಚರ್?"

"ನಾನಂತೂ ಗಿರಣಿಯಿಂದ ಬಿಸಿಬಿಸಿಯಾಗಿ ನೇರ ತಂದೆ" ಎಂದಳು ಪಕ್ಕದವಳು.

ಟೀಚರ್ ವಿವರಿಸಲು ಬಾಯಿ ತೆರೆದಳು. ತಾಯಂದಿರು ಆಗಲೇ ಎದ್ದು, ಒಬ್ಬರ ಹಿಟ್ಟಿನ ಬಿಳುಪನ್ನು ಒಬ್ಬರು ಹೊಗಳತೊಡಗಿದ್ದರು. ಹೆಡ್ ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅದೇ ತೀರ್ಮಾನ.

ಎಲ್ಲರೂ ಹೋದ ಮೇಲೆ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಒಳಗೆ ಬಂದಳು. "ನನ್ನ ಹಿಟ್ಟಿಂದು ನನಗೊಂದ್ಸಲ ತೋರ್ಸಿ."

ಪರದೆಯ ಮೇಲಿನ ಆ ಜೀವವನ್ನು ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. ಅದು ಬಂಡೆಯೊಂದನ್ನು ಹತ್ತಲು ಹೋಗಿ ಜಾರುತ್ತಿತ್ತು, ಮತ್ತೆ ಹತ್ತುತ್ತಿತ್ತು.

"ಇದೂ ಪಾಪ, ತಿನ್ನೋಕೇ ಬಂದಿದ್ದು" ಎಂದಳು. ಅಡುಗೆಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಹೋಗುವಾಗ ಹಿಂದಿರುಗಿ ನೋಡಿ, "ಕಣ್ಣು ಒರೆಸ್ಕೊಳ್ಳಿ ಟೀಚರ್. ಮಕ್ಕಳು ನೋಡ್ತಾರೆ" ಎಂದಳು.

ಹೊಸ ಅಡುಗೆಯವಳು ಬಂದಳು. ಮಕ್ಕಳು ಉಣ್ಣತೊಡಗಿದರು. ಅಂಗಳದಲ್ಲಿ ಕೈ ಕೈ ಹಿಡಿದು ಸುತ್ತುವ ಆಟದಲ್ಲಿ ಮೊಮ್ಮಗಳ ಎರಡೂ ಕಡೆ ಜಾಗ ಖಾಲಿ ಉಳಿಯುತ್ತಿತ್ತು.

ಸರದಿ ತಿರುಗಿ ಅವಳದೇ ಬಂದಾಗ ಅವಳು ಬರಿಗೈಯಲ್ಲಿ ಮೇಜಿನ ಹತ್ತಿರ ಬಂದಳು.

"ಏನು ತಂದೆ ಪುಟ್ಟಾ?"

ಹುಡುಗಿ ಅಂಗೈ ಬಿಚ್ಚಿ ಮಸೂರದ ಕೆಳಗಿಟ್ಟಳು. ಉಜ್ಜಿ ಉಜ್ಜಿ ಚರ್ಮ ಕೆಂಪಾಗಿ, ಬೆರಳಿನ ಸಂದಿಗಳಲ್ಲಿ ಸುಲಿದಿತ್ತು. ಸೋಪಿನ ವಾಸನೆ ಮೇಜಿನವರೆಗೂ ಬರುತ್ತಿತ್ತು.

"ಏನೂ ಓಡಾಡ್ತಿಲ್ಲ ಅಲ್ವಾ ಟೀಚರ್? ಅವರಿಗೆ ಹೇಳಿ."

ಟೀಚರ್ ಹೇಳಿದಳು. ಪರದೆಯ ತುಂಬ ಉತ್ತ ಹೊಲದಂಥ ಗೆರೆಗಳು. ತುಂಬ ಹೊತ್ತು ಚಾಚಿದ್ದ ಪುಟ್ಟ ಕೈ ನಡುಗಿತು. ಹೊಲವಿಡೀ ಕದಲಿತು. ಮುಂದಿನ ಸಾಲಿನ ಮಕ್ಕಳು ಬೆಂಚನ್ನು ಹಿಂದಕ್ಕೆ ಎಳೆದುಕೊಂಡರು.