ಇತರ ಅಂಶಗಳು ಸ್ಥಿರವಾಗಿದ್ದಾಗ

ಅರ್ಥಶಾಸ್ತ್ರದ ಮೇಷ್ಟ್ರಿಗೆ ಹುಡುಗರು ಇಟ್ಟ ಹೆಸರು ತಕ್ಕಡಿ. ಅದು ಕಿವಿಗೆ ಬಿದ್ದಾಗ ಅವರಿಗೆ ಸಿಟ್ಟು ಬರಲಿಲ್ಲ, ಹೆಮ್ಮೆಯಾಯಿತು. ತಕ್ಕಡಿಗೆ ಕಣ್ಣೀರು ತೂಗಲು ಬರುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ತಾವೇ ಹೇಳಿಕೊಂಡು ತಿರುಗಿದರು.

ಸೂಕ್ಷ್ಮ ಅರ್ಥಶಾಸ್ತ್ರದ ಮೊದಲ ತರಗತಿಯಲ್ಲೇ ಕೋರ್ಸಿನ ನಿಯಮಗಳನ್ನು ಓದಿದರು. ಪ್ರತಿಯೊಬ್ಬರಿಗೂ ಅವರ ಸಹಿಯಿರುವ ಐದು ಹಳದಿ ಚೀಟಿ. ಒಂದು ದಿನ ತಪ್ಪಿಸಿಕೊಂಡರೆ ಒಂದು ಚೀಟಿ ವಾಪಸ್ಸು, ಹೋಂವರ್ಕ್ ತಡವಾದರೆ ಇನ್ನೊಂದು. ಅಂತಿಮ ಪರೀಕ್ಷೆಯನ್ನು ಬೇರೆ ದಿನ ಬರೆಯಬೇಕೆಂದರೆ ಮೂರು. ಕೊಡಲು ಚೀಟಿ ಇಲ್ಲದವರಿಗೆ ಸೊನ್ನೆ. ಕೊನೆಯಲ್ಲಿ ಉಳಿದ ಒಂದೊಂದು ಚೀಟಿಗೂ ಒಂದೊಂದು ಅಂಕ. ಬೇಕಿದ್ದರೆ ತಮ್ಮತಮ್ಮಲ್ಲೇ ಮಾರಬಹುದು, ಕೊಳ್ಳಬಹುದು. ಕಾರಣ ಮಾತ್ರ ಯಾರೂ ಹೇಳುವಂತಿಲ್ಲ, ಅವರು ಕೇಳುವುದೂ ಇಲ್ಲ. ಇನ್ನೊಂದು ನಿಯಮ: ಬೇಡಿಕೆಯ ರೇಖೆ ಎಳೆದವರು ಅದರ ಕೆಳಗೆ ‘ಇತರ ಅಂಶಗಳು ಸ್ಥಿರವಾಗಿದ್ದಾಗ’ ಎಂದು ಬರೆಯಲೇಬೇಕು. ಬೆಲೆಯೊಂದನ್ನು ಬಿಟ್ಟು ಜಗತ್ತಿನಲ್ಲಿ ಬೇರೇನೂ ಬದಲಾಗಿಲ್ಲ ಎಂದು ಒಪ್ಪಿಕೊಳ್ಳದೆ ರೇಖೆ ಎಳೆಯುವವನು ಮೂರ್ಖ ಎಂದರು. ಆ ಸಾಲು ಬಿಟ್ಟರೆ ಎರಡು ಅಂಕ ಕಟ್.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿಗೆ ನಿಯಮ ಮಾಡುವುದು ಕಷ್ಟವೇನಲ್ಲ.

ಮೂರನೆಯ ಬೆಂಚಿನ ಹುಡುಗಿಗೂ ಒಂದು ಅಡ್ಡಹೆಸರಿತ್ತು, ಇಸ್ತ್ರಿ. ಬೆಳಿಗ್ಗೆ ಒಂದು ಲಾಡ್ಜಿನಲ್ಲಿ ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಹಾಕಿ, ಬಿಸಿ ಬಟ್ಟೆಯ ವಾಸನೆ ಹೊತ್ತುಕೊಂಡೇ ಕಾಲೇಜಿಗೆ ಬರುತ್ತಿದ್ದಳು. ಅಪ್ಪ ಎಂದೋ ಕೈಬಿಟ್ಟು ಹೋಗಿದ್ದ. ಇದ್ದದ್ದು ಅಮ್ಮ, ಅಮ್ಮನಿಗೆ ಹೃದಯದ ಕಾಯಿಲೆ. ಆಸ್ಪತ್ರೆಯ ಸರದಿಯಲ್ಲಿ ನಿಂತು ನಿಂತೇ ಅವಳ ಐದು ಚೀಟಿಗಳು ಅರ್ಧ ದಾರಿಯಲ್ಲಿ ಮುಗಿದವು. ಆಮೇಲಿನ ಗೈರುಹಾಜರಿಗೆಲ್ಲ ಸೊನ್ನೆ ಬಿತ್ತು. ಪಾಠ ಮಾತ್ರ ಅವಳಿಗೆ ಇಡೀ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಲೆಗೆ ಹತ್ತಿತ್ತು. ಅಂತಿಮ ಪರೀಕ್ಷೆ ಬರೆದರೆ ಪಾಸಾಗಬಹುದಿತ್ತು. ಫೇಲಾದರೆ ಶುಲ್ಕ ವಿನಾಯಿತಿ ಹೋಗುತ್ತದೆ, ಅದು ಹೋದರೆ ಕಾಲೇಜಿಗೆ ಸಲಾಂ, ಮುಂದೆ ಇಸ್ತ್ರಿಪೆಟ್ಟಿಗೆಯೇ ಗತಿ.

ಅಮ್ಮನ ಆಪರೇಷನ್ ಪರೀಕ್ಷೆಯ ದಿನವೇ ಬಿತ್ತು. ಸಹಿ ಹಾಕಲು, ಹೊರಗೆ ಕೂರಲು ಅವಳನ್ನು ಬಿಟ್ಟರೆ ಇನ್ಯಾರೂ ಇರಲಿಲ್ಲ. ಮೇಷ್ಟ್ರ ಕೋಣೆಗೆ ಹೋದಳು. ಅವಳು ಬಾಯಿ ತೆರೆಯುವ ಮೊದಲೇ ಅವರು ಕೈ ಅಡ್ಡ ಹಿಡಿದರು.

“ಕಾರಣ ಬೇಡಮ್ಮ. ಚೀಟಿ ಇದೆಯಾ?”

“ಇಲ್ಲ ಸರ್.”

“ಮಾರ್ಕೆಟ್ ಇದೆಯಲ್ಲ, ಹೋಗು.”

ಆ ವಾರ ಒಂದು ಚೀಟಿಯ ದರ ಒಂದು ಟೀ, ಒಂದು ಪೊಟ್ಟಣ ಬಿಸ್ಕತ್ತು. ಬಾಯಿ ಮುಚ್ಚಿಕೊಂಡು ಒಬ್ಬೊಬ್ಬರ ಹತ್ತಿರ ಒಂದೊಂದು ಕೊಂಡಿದ್ದರೆ ಕೆಲಸ ಮುಗಿಯುತ್ತಿತ್ತು. ಕೊಳ್ಳುವವನು ತನ್ನ ಗರಜು ತೋರಿಸಬಾರದು ಎಂಬ ಪಾಠವನ್ನು ಅದೇ ತರಗತಿಯಲ್ಲಿ ಕೇಳಿದ್ದಳು. ಆದರೂ ಪಕ್ಕದಲ್ಲಿ ಕೂರುವ ಗೆಳತಿಗೆ ಎಲ್ಲವನ್ನೂ ಹೇಳಿ ಅತ್ತುಬಿಟ್ಟಳು. ದಿನವೂ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಳ್ಳುವವಳು ಮಾರುಕಟ್ಟೆಯಲ್ಲ ಎಂದುಕೊಂಡಿದ್ದಳು ಪಾಪ.

ಊಟದ ಬಿಡುವು ಮುಗಿಯುವಷ್ಟರಲ್ಲಿ ಸುದ್ದಿ ಹಿಂದಿನ ಬೆಂಚು ಮುಟ್ಟಿತ್ತು. ಒಬ್ಬ ಒಂದು ಚೀಟಿಗೆ ಅವಳ ಅರ್ಧ ತಿಂಗಳ ಸಂಬಳ ಕೇಳಿದ. ಇನ್ನೊಬ್ಬ ಅದನ್ನು ಕೇಳಿಸಿಕೊಂಡು ತನ್ನದನ್ನೂ ಏರಿಸಿದ. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಂದು ಬೈಯೋಣವೆಂದರೆ, ಅವರು ಕೆಟ್ಟ ಹುಡುಗರಲ್ಲ. ಹೇಳಿಕೊಟ್ಟದ್ದನ್ನು ಕಲಿತಿದ್ದರು, ಅಷ್ಟೆ.

ಗೆಳತಿಯ ಹತ್ತಿರ ಮೂರು ಚೀಟಿ ಉಳಿದಿದ್ದವು. ಮೂರಕ್ಕೂ ಸೇರಿ ಒಂದು ತಿಂಗಳ ಸಂಬಳ ಎಂದಳು. ಉಳಿದವರಿಗಿಂತ ಅದೇ ಕಡಿಮೆ.

“ನಿನ್ನ ಹತ್ರ ಕೇಳೋಕೆ ನಂಗೂ ಮನಸ್ಸಿಲ್ಲ ಕಣೇ,” ಎಂದಳು ಡಬ್ಬಿಯ ಮುಚ್ಚಳ ಒರೆಸುತ್ತಾ. “ಸುಮ್ನೆ ಕೊಟ್ರೆ ಎಲ್ರೂ ನನ್ನೇ ದಡ್ಡಿ ಅಂತಾರೆ.”

ಲಾಡ್ಜಿನ ಮ್ಯಾನೇಜರ್ ಸಂಬಳವನ್ನು ಮುಂಗಡವಾಗಿ ಕೊಟ್ಟ. ಬದಲಿಗೆ ಸಂಜೆಯ ಪಾಳಿಯನ್ನೂ ಮಾಡಬೇಕೆಂದ. ಒಪ್ಪಿಕೊಂಡಳು.

ಮರುದಿನ ಈ ವ್ಯಾಪಾರದ ಸುದ್ದಿ ಕಿವಿಗೆ ಬಿದ್ದು ತಕ್ಕಡಿ ಕುಣಿಯುವುದೊಂದು ಬಾಕಿ. ಬೋರ್ಡಿನ ಮೇಲೆ ಕಂಬದ ಹಾಗೆ ನೆಟ್ಟಗೆ ಒಂದು ಗೆರೆ ಎಳೆದು, ಎಷ್ಟು ಬೆಲೆಯಾದರೂ ಕೊಳ್ಳಲೇಬೇಕಾದವರ ಬೇಡಿಕೆ ಹೀಗಿರುತ್ತದೆ ಎಂದರು. ಪುಸ್ತಕದವರು ಪಾಪ ಉಪ್ಪಿನ ಉದಾಹರಣೆ ಕೊಡುತ್ತಾರೆ, ನಮ್ಮಲ್ಲಿ ಜೀವಂತ ಉದಾಹರಣೆಯೇ ಮೂರನೆಯ ಬೆಂಚಿನಲ್ಲಿ ಕೂತಿದೆ ಎಂದರು. ತರಗತಿ ನಕ್ಕಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗೆಳತಿಯೂ ನಕ್ಕಳು, ಸ್ವಲ್ಪ ತಡವಾಗಿ.

ಆಪರೇಷನ್ ದಿನ ಅಮ್ಮನ ಜೊತೆಗಿದ್ದಳು. ಅದಾದ ಮೇಲೆ ಸಂಜೆ ಸಂಜೆ ಲಾಡ್ಜು. ನಾಲ್ಕನೆಯ ಸಂಜೆ ವಾರ್ಡಿನ ನರ್ಸು ಫೋನ್ ಮಾಡಿದಾಗ ಅವಳ ಕೈಯಲ್ಲಿ ಅರ್ಧ ಮಡಿಸಿದ ಹೊದಿಕೆಯಿತ್ತು. ಅಮ್ಮ ಹೋಗಿಬಿಟ್ಟಿದ್ದರು. ಅದಕ್ಕೂ ಮೊದಲು, ಮಗಳು ಬಂದಳಾ ಎಂದು ಎರಡು ಸಲ ಕೇಳಿದರು ಎಂದಳು ನರ್ಸು. ಅದನ್ನು ಹೇಳದಿದ್ದರೂ ನಡೆಯುತ್ತಿತ್ತು.

ಮುಂದಿನ ವಾರ ಮೇಷ್ಟ್ರ ಕೋಣೆಯಲ್ಲಿ ಅವಳೊಬ್ಬಳಿಗೇ ಪರೀಕ್ಷೆ. ಅವರು ಮೂರು ಚೀಟಿಗಳನ್ನು ತೆಗೆದುಕೊಂಡು, ಸಹಿ ನೋಡಿ, ಹರಿದು ಬುಟ್ಟಿಗೆ ಹಾಕಿದರು. ಅಮ್ಮ ಹೇಗಿದ್ದಾರೆ ಎಂದು ಕೇಳಲಿಲ್ಲ. ಕೊನೆಯ ಪ್ರಶ್ನೆ ಹೀಗಿತ್ತು: ಒಬ್ಬ ವಿದ್ಯಾರ್ಥಿನಿಯ ತಾಯಿಗೆ ಆಪರೇಷನ್ ಇದೆ. ಆಕೆಗೆ ಮೂರು ಚೀಟಿ ಬೇಕು. ಚೀಟಿಯ ಬೆಲೆ ಏರಿದ್ದೇಕೆ? ರೇಖೆಯ ಸಹಾಯದಿಂದ ವಿವರಿಸಿ.

ಅವಳು ಗೆರೆಯನ್ನು ನೆಟ್ಟಗೆ ಎಳೆದಳು. ಬೆಲೆ ಏಕೆ ಏರಿತು, ಯಾರು ಏರಿಸಿದರು, ಕೊಳ್ಳುವವಳು ಮಾಡಿದ ತಪ್ಪೇನು, ಎಲ್ಲವನ್ನೂ ಬರೆದಳು. ಹಾಗೆ ಬರೆಯಬಲ್ಲವರು ಆ ತರಗತಿಯಲ್ಲಿ ಬೇರೆ ಯಾರೂ ಇರಲಿಲ್ಲ. ರೇಖೆಯ ಕೆಳಗಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಆ ಜಾಗವನ್ನು ಖಾಲಿ ಬಿಟ್ಟು ಎದ್ದಳು.

ಮೇಷ್ಟ್ರು ಹಾಳೆಯ ಮೇಲೆ ಕಣ್ಣಾಡಿಸಿ ಅಲ್ಲಿ ಬೆರಳಿಟ್ಟರು. “ಒಂದು ಸಾಲು ಬಿಟ್ಟಿದ್ದೀಯ.”

“ಅದನ್ನ ಬರೆಯೋಕಾಗಲ್ಲ ಸರ್. ನಮ್ಮಮ್ಮ—”

“ಕಾರಣ ಬೇಡ ಅಂದಿದ್ದೆ,” ಎಂದರು ಅವರು.

ಎರಡು ಅಂಕ ಕಳೆದರು. ಒಟ್ಟು ಕೂಡಿದಾಗ ಪಾಸಾಗಲು ಒಂದು ಅಂಕ ಕಡಿಮೆ ಬಿತ್ತು. ಹುಡುಗಿಗೆ ಅನ್ಯಾಯವಾಗಬಾರದೆಂದು ಇನ್ನೊಮ್ಮೆ ಕೂಡಿ ನೋಡಿದರು. ಲೆಕ್ಕ ಸರಿಯಾಗಿತ್ತು.

ಉತ್ತರಪತ್ರಿಕೆ ಅವಳ ಕೈಗೆ ಬಂದಾಗ ಆ ಖಾಲಿ ಜಾಗದಲ್ಲಿ ಕೆಂಪು ಶಾಯಿಯಲ್ಲಿ ‘ಇತರ ಅಂಶಗಳು?’ ಎಂದು ಬರೆದಿತ್ತು. ಅದನ್ನು ಓದಿ, ಹೊದಿಕೆ ಮಡಿಸುವ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಲಾಡ್ಜಿನ ಕಡೆ ಹೊರಟಳು. ಮುಂಗಡ ಇನ್ನೂ ತೀರಿರಲಿಲ್ಲ.