ಟೈಲರಮ್ಮನ ಎಡಗಾಲು

ಮನೆ ಮುಂದೆ ಕಾರಿದೆ, ಓಡಿಸುವವರ ಕೈ ಪ್ಲಾಸ್ಟರಿನಲ್ಲಿದೆ. ಇಂಥ ಫಜೀತಿ ಯಾರ ಮನೆಗೂ ಬರಬಹುದು. ಟೈಲರಮ್ಮನ ಮನೆಗೆ ಬಂದು ಮೂರು ವಾರವಾಗಿತ್ತು. ಗಂಡ ಏಣಿಯಿಂದ ಜಾರಿ ಬಲಗೈ ಮುರಿದುಕೊಂಡಿದ್ದರು. ಮಾರನೇ ದಿನ ಬೆಳಿಗ್ಗೆ ಎಕ್ಸ್-ರೇಗೆ ಆಸ್ಪತ್ರೆಗೆ ಹೋಗಬೇಕಿತ್ತು.

"ನಾನೇ ಕರ್ಕೊಂಡು ಹೋಗ್ತೀನಿ," ಎಂದಳು ಟೈಲರಮ್ಮ, ಹೊಲಿಗೆಯಿಂದ ತಲೆ ಎತ್ತದೆ.

"ಯಾವುದರಲ್ಲಿ? ಮಷೀನ್ ಮೇಲೆ ಕೂರಿಸ್ಕೊಂಡಾ?" ಎಂದರು ಗಂಡ.

"ಕಾರಲ್ಲಿ ಕಣ್ರೀ."

ಅವಳು ತಮಾಷೆಗೆ ಹೇಳಿರಲಿಲ್ಲ. ಅವಳ ತಮ್ಮ ಮನೆ ಬದಲಿಸುವಾಗ ತನ್ನ ಕಾರ್ ರೇಸಿನ ಆಟವನ್ನು ಅಕ್ಕನ ಮನೆಯಲ್ಲಿ ಬಿಟ್ಟುಹೋಗಿದ್ದ. ಟಿವಿ ಮುಂದೆ ಮೇಜಿಗೆ ಬಿಗಿದ ಸ್ಟೀರಿಂಗ್, ನೆಲದಲ್ಲಿ ಎರಡು ಪೆಡಲ್. ಅದು ಥೇಟ್ ನಿಜದ ಹಾಗೇ ಇತ್ತು. ಓಡಿದಷ್ಟೂ ಟೈರು ಸವೆಯುತ್ತಿತ್ತು. ಚಕ್ರ ಜಲ್ಲಿಗೆ ಇಳಿದರೆ ಸ್ಟೀರಿಂಗ್ ಕೈಯಲ್ಲೇ ಒದರುತ್ತಿತ್ತು. ಮೂರು ತಿಂಗಳಲ್ಲಿ ಅವಳಿಗೆ ಅಲ್ಲಿಯ ಹದಿನಾಲ್ಕು ತಿರುವುಗಳೂ ಕಾಲರಿನ ಅಳತೆಯಷ್ಟೇ ಬಾಯಿಪಾಠವಾಗಿದ್ದವು. ದಿನಾ ಸಂಜೆ ಆಡುವ ಆ ಅರ್ಧ ಗಂಟೆ ಅವಳು ಬೇರೆ ಯಾರ ಅಳತೆಯನ್ನೂ ನೆನಪಿಡಬೇಕಿರಲಿಲ್ಲ. ಆ ನಿರಾಳ ಅವಳಿಗೆ ಹಿಡಿಸಿತ್ತು.

ಮಧ್ಯಾಹ್ನ ಎದುರುಮನೆಯ ಗೇರ್ ಮೇಡಂ ಪ್ಯಾಂಟಿನ ಜಿಪ್ ಹಾಕಿಸಲು ಬಂದರು. ಅವರು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವರು. ಬೀದಿಯವರಿಟ್ಟ ಹೆಸರು ಅದು. ಗಂಡ ಹೆಮ್ಮೆಯಿಂದ ಸುದ್ದಿ ಬಿಚ್ಚಿದರು.

"ನಾಳೆ ನನಗೆ ಹೊಸ ಡ್ರೈವರ್ ಮೇಡಂ!"

ಗೇರ್ ಮೇಡಂ ನಗಲಿಲ್ಲ. "ಲೈಸೆನ್ಸ್?"

"ಆಸ್ಪತ್ರೆಗೆ ಎರಡೇ ತಿರುವು ಅಕ್ಕಾ, ಯಾರು ಕೇಳ್ತಾರೆ?" ಎಂದಳು ಟೈಲರಮ್ಮ.

"ಯಾರೂ ಕೇಳ್ಲಿಲ್ಲ ಅಂದ್ರೆ ಕಲಿತ ಹಾಗಾಯ್ತೇನೇ?"

"ಮಳೆ ಬಂದಾಗ ಎಲ್ಲಿ ಬ್ರೇಕ್ ಹಾಕ್ಬೇಕು ಅಂತ ಕೇಳಿ, ಹೇಳ್ತೀನಿ. ಇದು ಸುಮ್ನೆ ಆಟ ಅಲ್ಲ."

"ಹಾಗಾದ್ರೆ ತೋರ್ಸು, ನೋಡೇ ಬಿಡೋಣ."

ಟೈಲರಮ್ಮ ಒಂದು ಸುತ್ತು ಓಡಿಸಿ ತೋರಿಸಿದಳು. ಗೇರ್ ಮೇಡಂ ಟಿವಿಯನ್ನು ನೋಡಿದ್ದು ಕಡಿಮೆ, ಅವಳ ಪಾದಗಳನ್ನು ನೋಡಿದ್ದೇ ಹೆಚ್ಚು.

"ಸುಳ್ಳು ಹೇಳಲ್ಲ, ಕೈ ಚೆನ್ನಾಗಿದೆ," ಎಂದರು. "ಈಗ ಕಾರಲ್ಲಿ ಬಂದು ಕೂರು. ಚಾಲೂ ಮಾಡೋದು ಬೇಡ."

ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ಕಾರಿಗೂ ಗೋಡೆಗೂ ನಡುವೆ ನೆರಳಿನಲ್ಲಿ ನಿಂತ ಗಂಡ ಪ್ಲಾಸ್ಟರಿನೊಳಗೆ ಸ್ಕೇಲು ತೂರಿಸಿ ಕೆರೆದುಕೊಳ್ಳುತ್ತಿದ್ದರು. ಗೇರ್ ಮೇಡಂ ಅವಳ ಪಕ್ಕ ಕೂತು, ಬಲಗಾಲನ್ನು ಆಕ್ಸಿಲರೇಟರ್ ಮೇಲೆ ಇಡಿಸಿ, ಓಡಿಸ್ತಿದ್ದೀಯ ಅಂದ್ಕೋ ಎಂದರು. ಆಮೇಲೆ ಜಿಪ್ಪಿನ ಬಣ್ಣದ ಮಾತು ತೆಗೆದರು. ಕಪ್ಪು ಸಾಕಾ, ಕಂದು ಬೇಕಾ ಎಂದು ಟೈಲರಮ್ಮ ಕೇಳುತ್ತಿರುವಾಗಲೇ ಡ್ಯಾಶ್‌ಬೋರ್ಡಿಗೆ ಪಟಾರನೆ ಬಡಿದರು.

"ನಿಲ್ಸು!"

ಟೈಲರಮ್ಮನ ಕಾಲು ಪೆಡಲನ್ನು ತಳದವರೆಗೂ ಅದುಮಿತು. "ನಿಲ್ಸಿದೆ!"

"ಕೆಳಗೆ ನೋಡು."

ಅವಳ ಎಡಗಾಲು ತೀರಾ ಎಡಗಡೆಯ ಪೆಡಲಿನ ಮೇಲಿತ್ತು. ಬಲಗಾಲು ಆಕ್ಸಿಲರೇಟರ್ ಬಿಟ್ಟು ಕದಲಿರಲಿಲ್ಲ.

"ನಿನ್ನ ಆಟದಲ್ಲಿ ಇರೋದು ಎರಡೇ ಪೆಡಲ್. ಎಡಗಡೇದು ಬ್ರೇಕು," ಎಂದರು ಗೇರ್ ಮೇಡಂ. "ಇಲ್ಲಿ ಮೂರಿವೆ. ನೀನೀಗ ತುಳಿದಿದ್ದು ಕ್ಲಚ್. ಅದನ್ನ ಎಷ್ಟು ತುಳಿದ್ರೂ ಗಾಡಿ ನಿಲ್ಲಲ್ಲ ಕಣೇ. ಬ್ರೇಕು ನಡುವೆ ಇದೆ, ಅದನ್ನ ಒತ್ತಬೇಕಾದ್ದು ಬಲಗಾಲು."

"ಗೊತ್ತಾಯ್ತು. ಇನ್ನೊಂದ್ಸಲ ಹೇಳಿ."

ಇನ್ನೊಂದು ಸಲವೂ ಎಡಗಾಲೇ ಹೋಯಿತು. ಮೂರನೇ ಸಲವೂ. ತಲೆಗೆ ತಿಳಿದದ್ದು ಕಾಲಿಗೆ ಇನ್ನೂ ತಿಳಿದಿರಲಿಲ್ಲ.

"ಏನ್ರಮ್ಮಾ, ಆಸ್ಪತ್ರೆ ತಲುಪಿದ್ರಾ?" ಹೊರಗಿನಿಂದ ಗಂಡ ಕೂಗಿದರು.

ಅವಳು ಗಾಜಿನಾಚೆ ನೋಡಿದಳು. ಕಾರಿನ ಮೂತಿಗೂ ಅವರ ಮೊಣಕಾಲಿಗೂ ಮೂರು ಹೆಜ್ಜೆಯೂ ಇರಲಿಲ್ಲ. ಅವರು ನಗುತ್ತಿದ್ದರು. ಅವಳಿಗೆ ನಗು ಬರಲಿಲ್ಲ. ಎಡಗಾಲನ್ನು ಪೆಡಲಿನಿಂದ ಹಿಂದಕ್ಕೆ ಎಳೆದುಕೊಂಡಳು.

"ಈ ಕಾಲಿಗೆ ಬುದ್ಧಿ ಬರೋಕೆ ಎಷ್ಟು ದಿನ ಬೇಕಕ್ಕಾ?" ಅವಳು ಕೇಳಿದಳು.

"ನೀನು ಬೇಗ ಕಲೀತೀಯ. ಆದ್ರೆ ಮೊದಲು ಕಲಿಯೋರ ಲೈಸೆನ್ಸ್ ಮಾಡಿಸ್ಕೋ. ಆಮೇಲೆ ನಮ್ಮ ಶಾಲೆ ಕಾರಲ್ಲಿ ಕಲಿ, ಅದರಲ್ಲಿ ನನ್ನ ಕಾಲಡೀಲೂ ಒಂದು ಬ್ರೇಕ್ ಇರುತ್ತೆ. ಬೆಲ್ಟ್ ಹಾಕ್ದೆ ಕೀ ತಿರುಗಿಸ್ಬೇಡ. ಟಿವಿ ರಸ್ತೇಲಿ ಅಡ್ಡ ಬರೋರು ಯಾರೂ ಇಲ್ಲ. ಇಲ್ಲಿ ಎಲ್ರೂ ಅಡ್ಡ ಬರೋರೇ."

ಅವಳು ಇಳಿದುಬಂದು ಕಾರಿನ ಕೀಯನ್ನು ಗಂಡನ ಎಡಗೈಗೆ ಕೊಟ್ಟಳು. ಬ್ರೇಕೆಂದುಕೊಂಡು ಮೂರು ಸಲವೂ ಕ್ಲಚ್ಚನ್ನೇ ತುಳಿದೆನೆಂದು ಹೇಳಿದಳು. ಅವರು ಗೋಡೆಯನ್ನೊಮ್ಮೆ, ಕಾರನ್ನೊಮ್ಮೆ ನೋಡಿದರು. ಸ್ಕೇಲು ಪ್ಲಾಸ್ಟರಿನೊಳಗೇ ಉಳಿಯಿತು.

"ನಾಳೆ ಬಾಡಿಗೆ ಕಾರು ಹೇಳ್ತೀನಿ," ಎಂದರು ಮೆಲ್ಲಗೆ. "ಬರ್ತಾ ಲೈಸೆನ್ಸ್ ಆಫೀಸಿಗೂ ಹೋಗ್ಬರೋಣ. ನಿನ್ನ ಅರ್ಜಿ ಕೊಡೋಣ."

ಹಾಗೆಯೇ ಮಾಡಿದರು. ಟೈಲರಮ್ಮ ಈಗ ಬೆಳಿಗ್ಗೆ ಗೇರ್ ಮೇಡಂ ಜೊತೆ ಕಲಿಯುತ್ತಾಳೆ. ಸಂಜೆ ಆಟವನ್ನೂ ಆಡುತ್ತಾಳೆ, ಅದನ್ನು ಬಿಡಬೇಕಾದ ಕಾರಣವೇನೂ ಇಲ್ಲ.

ನಿಮ್ಮ ಮನೆಯಲ್ಲೂ ಇಂಥ ಆಟವಿರಬಹುದು. ಖುಷಿಯಿಂದ ಆಡಿ, ಗೆಲ್ಲಿ. ಆದರೆ ಆ ಗೆಲುವನ್ನು ನಂಬಿ ನಿಜವಾದ ಕಾರಿನ ಕೀ ತೆಗೆದುಕೊಳ್ಳಬೇಡಿ, ಮನೆಯವರ ಕೈಗೂ ಕೊಡಬೇಡಿ. ಲೈಸೆನ್ಸ್ ಮಾಡಿಸಿ, ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯಿರಿ. ರಸ್ತೆ ದಾಟುವವರಿಗೆ ನಿಮ್ಮ ಪರಿಚಯವಿರುವುದಿಲ್ಲ. ಆದರೂ ಅವರು ನಿಮ್ಮ ಕಾಲನ್ನು ನಂಬಿಯೇ ದಾಟುತ್ತಾರೆ.