ಹಲಗೆ ಬಿಡದ ಅಜ್ಜಿ

ಬೆನ್ನುಚೀಲದ ಪಟ್ಟಿಯನ್ನು ಹೇಗೆ ಹೊಲಿದರೆ ಹತ್ತು ವರ್ಷ ಬಾಳುತ್ತದೆ, ಹೇಗೆ ಹೊಲಿದರೆ ಹತ್ತೇ ವಾರಕ್ಕೆ ಕಿತ್ತು ಬರುತ್ತದೆ ಎಂಬುದು ಅಜ್ಜಿಗೆ ಬೆರಳ ತುದಿಯಲ್ಲೇ ಗೊತ್ತಿತ್ತು. ಮೂವತ್ತೆಂಟು ವರ್ಷ ಚೀಲದ ಕಾರ್ಖಾನೆಯಲ್ಲಿ ದಪ್ಪ ಬಟ್ಟೆ ಹೊಲಿದವಳು. ಕೊನೆಕೊನೆಗೆ ತಾನು ಹೊಲಿದದ್ದಕ್ಕಿಂತ ಬೇರೆಯವರು ಹೊಲಿದದ್ದನ್ನು ಜಗ್ಗಿ ನೋಡಿದ್ದೇ ಹೆಚ್ಚು; ಅವಳು ಜಗ್ಗಿದಾಗ ತಡೆದುಕೊಂಡ ಚೀಲ ಮಾತ್ರ ಕಾರ್ಖಾನೆಯ ಬಾಗಿಲು ದಾಟುತ್ತಿತ್ತು. ನಿವೃತ್ತಿಯಾದರೂ ಚಾಳಿ ಬಿಟ್ಟಿರಲಿಲ್ಲ. ನೆಂಟರ ಮನೆಗೆ ಹೋದರೂ ಕಿಟಕಿ ಪರದೆಯನ್ನು ಒಮ್ಮೆ ಜಗ್ಗದೆ ಕೂರುವವಳಲ್ಲ.

ಮೊಮ್ಮಕ್ಕಳ ರಜೆ ಮುಗಿದಿತ್ತು. ಏಳು ವರ್ಷದ ಪುಟ್ಟಿಯನ್ನೂ ಮೂರು ವರ್ಷದ ಗುಂಡನನ್ನೂ ಹೊಳೆಯಾಚೆ ಇರುವ ಮಗಳ ಮನೆಗೆ ಮುಟ್ಟಿಸಬೇಕಿತ್ತು. ಮಗಳು ಆಸ್ಪತ್ರೆಯಲ್ಲಿ ನರ್ಸು, ಬಂದು ಕರೆದುಕೊಂಡು ಹೋಗಲು ಬಿಡುವಿಲ್ಲ. ಜೊತೆಗೆ ಅಜ್ಜ. ನಾಲ್ಕು ತಿಂಗಳ ಹಿಂದೆ ಮಂಡಿ ಬದಲಾಯಿಸಿಕೊಂಡು, ನೆಲದ ಮೇಲೆ ಕೂರಲೇಕೂಡದು ಎಂದು ವೈದ್ಯರಿಂದ ಹೇಳಿಸಿಕೊಂಡು ಬಂದವರು. ಸೇತುವೆ ಬಳಸಿ ಹೋಗುವ ಬಸ್ಸಿಗೆ ಮೂರು ಗಂಟೆ, ದೋಣಿಗೆ ಇಪ್ಪತ್ತೇ ನಿಮಿಷ. ಅಜ್ಜನ ಮಂಡಿಯ ಮುಖ ನೋಡಿಯೇ ಅಜ್ಜಿ ದೋಣಿ ಎಂದಿದ್ದಳು.

ಶನಿವಾರ ಬೆಳಿಗ್ಗೆ ದೋಣಿಕಟ್ಟೆಯಲ್ಲಿ ಜನ ಕಿಕ್ಕಿರಿದಿದ್ದರು. ಹೊಳೆ ತುಂಬಿ, ಕೆಂಪಗೆ, ಅವಸರವಾಗಿ ಹರಿಯುತ್ತಿತ್ತು. ನಾಲ್ವರೂ ಕಟ್ಟೆಯಿಂದ ಹಾಸಿದ್ದ ಹಲಗೆ ದಾಟಿ ದೋಣಿಯೊಳಗೆ ಬಂದರು. ಗುಂಡ ಆಗಲೇ ಕಂಬಿಯ ಮೇಲೆ ಕಾಲಿಟ್ಟಿದ್ದ. ಅವನ ಅಂಗಿ ಹಿಡಿದೆಳೆದು ಅಜ್ಜಿ ಮೇಲೆ ನೋಡಿದಳು. ಸೂರಿನಡಿ ಲೈಫ್ ಜಾಕೆಟ್ಟುಗಳು ಸಾಲಾಗಿ ತೂಗುತ್ತಿದ್ದವು. ಒಂದನ್ನು ಇಳಿಸಿ ಪಟ್ಟಿ ಜಗ್ಗಿದಳು.

ಪಟ್ಟಿ ಕೈಗೇ ಬಂತು.

ಎರಡನೆಯದರ ದಾರ ಬಿಸಿಲಿಗೆ ಸುಟ್ಟು ಪುಡಿಯಾಗಿತ್ತು. ಮೂರನೆಯದಕ್ಕೆ ಕೊಂಡಿಯೇ ಇರಲಿಲ್ಲ. ಮಕ್ಕಳ ಅಳತೆಯದು ಒಂದೂ ಕಾಣಲಿಲ್ಲ. ಬಾಗಿಲ ಪಕ್ಕದಲ್ಲಿ "ಇಪ್ಪತ್ತನಾಲ್ಕು ಜನ ಮಾತ್ರ" ಎಂದು ಬರೆದಿದ್ದ ಅಕ್ಷರಕ್ಕೆ ಒಬ್ಬ ದಪ್ಪ ಮನುಷ್ಯ ಬೆನ್ನು ಆನಿಸಿ ನಿಂತಿದ್ದ. ತಾವು ನಾಲ್ವರನ್ನು ಬಿಟ್ಟು ಅಜ್ಜಿ ತಲೆ ಎಣಿಸಿದಳು. ನಲವತ್ತೊಂದು.

"ಏನಪ್ಪಾ, ಮಕ್ಕಳ ಜಾಕೆಟ್ ಎಲ್ಲಿ?" ಎಂದು ದೋಣಿಯವನನ್ನು ಕೇಳಿದಳು.

"ಆಫೀಸಲ್ಲಿದೆ ಅಜ್ಜಿ, ಬೀಗ ಹಾಕಿದೀವಿ. ತನಿಖೆಯವರು ಬಂದಾಗ ತೋರ್ಸಕ್ಕೆ."

"ಮುಳುಗೋದು ತನಿಖೆಯವರೋ, ಮಕ್ಕಳೋ?"

ದೋಣಿಯವನು ನಕ್ಕ. "ಇಪ್ಪತ್ತು ವರ್ಷದಿಂದ ಓಡಿಸ್ತಿದೀನಿ. ಒಂದು ಚಪ್ಪಲೀನೂ ನೀರಿಗೆ ಬಿದ್ದಿಲ್ಲ. ಹೆದರಿಕೆ ಇದ್ರೆ ಬಸ್ಸಿಗೆ ಹೋಗಿ."

ಅಜ್ಜಿ ಗುಂಡನನ್ನು ಎತ್ತಿಕೊಂಡು, ಪುಟ್ಟಿಯ ಕೈ ಹಿಡಿದು ಇಳಿದೇಬಿಟ್ಟಳು. ಅಜ್ಜ ಗೊಣಗುತ್ತಾ ಹಿಂದೆ ಬಂದರು. ಕಟ್ಟೆ ಮುಟ್ಟಿ ಒಮ್ಮೆ ತಿರುಗಿ ನೋಡಿದಳು. ಅವಳು ಬಿಟ್ಟ ಜಾಗದಲ್ಲಿ ಅಷ್ಟು ಹೊತ್ತು ನಿಂತಿದ್ದ ಒಬ್ಬ ಹುಡುಗಿ ಆಗಲೇ ಬಂದು ಕೂತಿದ್ದಳು. ಮಡಿಲಲ್ಲಿ ಕೂಸು, ಇನ್ನೂ ಕತ್ತು ನಿಲ್ಲದ್ದು.

ಅಜ್ಜಿ ಗುಂಡನನ್ನು ಪುಟ್ಟಿಯ ಪಕ್ಕ ಕಟ್ಟೆಯ ಬೆಂಚಿನ ಮೇಲೆ ಕೂರಿಸಿ, "ಇಲ್ಲಿಂದ ಅಲುಗಾಡಿದ್ರೆ ನೋಡು" ಎಂದಳು. ಹಿಂದಿರುಗಿ ಹೋಗಿ ಹಲಗೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಏಳಿ ಅಜ್ಜಿ, ಹಲಗೆ ಎಳೀಬೇಕು."

"ಎಳಿ. ನನ್ನನ್ನೂ ಸೇರಿಸಿ ಎಳಿ."

ದೋಣಿಯೊಳಗೆ ಗಲಾಟೆ ಎದ್ದಿತು. "ಮುದುಕಿಗೆ ತಲೆ ಕೆಟ್ಟಿದೆ" ಎಂದರು ಯಾರೋ. "ಮನೇಲಿ ಸೊಸೆ ಮೇಲೆ ನಡೆಯೋ ದರ್ಬಾರು ಇಲ್ಲಿ ನಡೆಯಲ್ಲ" ಎಂದು ಇನ್ನೊಬ್ಬರು. ಅವಳಿಗೆ ಸೊಸೆಯೇ ಇರಲಿಲ್ಲ. ಇಸ್ತ್ರಿ ಅಂಗಿಯ ಯುವಕನೊಬ್ಬ ಫೈಲು ಎದೆಗೊತ್ತಿಕೊಂಡು ಮುಂದೆ ಬಂದ. "ಹತ್ತು ಗಂಟೆಗೆ ನನಗೆ ಸಂದರ್ಶನ ಇದೆಯಮ್ಮಾ. ಈ ಕೆಲಸ ತಪ್ಪಿದ್ರೆ ನೀವು ಕೊಡಿಸ್ತೀರಾ?"

ಆ ಮಾತು ಮಾತ್ರ ಅವಳಿಗೆ ತಾಗಿತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕೊಡಿಸೋ ಶಕ್ತಿ ನನಗಿಲ್ಲ ಮಗಾ," ಎಂದಳು. "ಬೈಯೋದಿದ್ರೆ ಬೈಯಿ. ನಾನಂತೂ ಏಳಲ್ಲ."

ಅಜ್ಜ ಕಟ್ಟೆಯ ಮೇಲೆ ನಿಂತು ಬೆವರು ಒರೆಸಿಕೊಂಡರು. ಜೀವಮಾನದಲ್ಲಿ ಅಂಗಡಿಯವನು ಕೊಳೆತ ಹಣ್ಣು ಕೊಟ್ಟರೂ ತಿರುಗಿ ಕೇಳದ ಮನುಷ್ಯ. "ಎದ್ದು ಬಾರೇ, ಜನ ನೋಡ್ತಿದಾರೆ."

"ನೋಡ್ಲಿ. ಕಣ್ಣಿರೋದು ಅದಕ್ಕೇ ತಾನೇ?"

ದೋಣಿಯವನು ಸಹಾಯಕ್ಕೆ ಟಿಕೆಟ್ಟಿನವನನ್ನು ಕರೆದ. ಇಬ್ಬರೂ ಆಚೆ ಈಚೆ ನಿಂತು ಅವಳ ರಟ್ಟೆಗೆ ಕೈ ಹಾಕಿದರು. ಅಷ್ಟರಲ್ಲಿ ಅಜ್ಜ ಕೋಲೂರಿಕೊಂಡು ಹಲಗೆಯ ಮೇಲೆ ಬಂದರು. ಕಂಬಿ ಹಿಡಿದು, ಮುಖ ಕಿವುಚಿ, ಒಂದೊಂದೇ ಅಂಗುಲ ಬಗ್ಗಿ, ಹೆಂಡತಿಯ ಪಕ್ಕ ಧೊಪ್ಪನೆ ಕೂತರು.

"ಅಯ್ಯೋ! ನೀವ್ಯಾಕ್ರೀ ಕೂತ್ರಿ? ಮಂಡಿ!" ಎಂದು ಅಜ್ಜಿ ಬೆಚ್ಚಿದಳು.

"ಆಗೋದು ಆಗಲಿ," ಎಂದು ಅಜ್ಜ ಉಸಿರು ಬಿಟ್ಟರು. ಆಮೇಲೆ ದೋಣಿಯವನ ಕಡೆ ತಿರುಗಿ, "ಅವಳ ಮೈಮೇಲಿಂದ ಕೈ ತೆಗೀರಿ. ಇದು ಹೊಸ ಮಂಡಿ. ನನ್ನ ಎಳೆದು ಎಬ್ಬಿಸೋವಾಗ ಎಲ್ಲಾದ್ರೂ ಕಳಚಿಕೊಂಡ್ರೆ ನೀವೇ ಹೊಣೆ" ಎಂದರು.

ಇಬ್ಬರ ಕೈಯೂ ತಾನಾಗಿ ಹಿಂದಕ್ಕೆ ಹೋಯಿತು.

ಫೋನು ಹೋಯಿತು. ದೋಣಿಯ ಮಾಲೀಕ ಬೈಕಿನಲ್ಲಿ ಬಂದ. ಬಂದವನೇ, "ಪೊಲೀಸರನ್ನ ಕರೀತೀನಿ" ಎಂದು ಎಗರಾಡಿದ.

"ಕರೀರಿ," ಎಂದಳು ಅಜ್ಜಿ. ಕಿತ್ತ ಪಟ್ಟಿಯನ್ನು ಅವನ ಮುಖದ ಮುಂದೆ ಹಿಡಿದಳು. "ಇದನ್ನ ಅವರ ಕೈಗೇ ಕೊಡ್ತೀನಿ. ಬಾಗಿಲ ಹತ್ರ ಬರ್ದಿರೋ ಅಂಕಿ ಓದಿಸ್ತೀನಿ. ಬೀಗದ ಕೈ ತನ್ನಿ ಅಂತೀನಿ. ಕರೀರಿ ಬೇಗ, ನಾವೂ ಕಾಯ್ತಿದೀವಿ."

ಮಾಲೀಕ ಸುತ್ತ ನೋಡಿದ. ಆಗಲೇ ಮೂರು ನಾಲ್ಕು ಜನ ತಮ್ಮ ತಲೆ ಮೇಲಿದ್ದ ಜಾಕೆಟ್ ಇಳಿಸಿ ಪಟ್ಟಿ ಜಗ್ಗತೊಡಗಿದ್ದರು. ಟರ್ರನೆ ಒಂದು ಹರಿದ ಸದ್ದು. ಆಮೇಲೆ ಇನ್ನೊಂದು. ಕೂಸಿನ ತಾಯಿ ಎದ್ದು, ಯಾರ ಮುಖವನ್ನೂ ನೋಡದೆ, ಬಾಗಿಲ ಬಳಿ ಬಂದು ನಿಂತಳು. "ನಾನೂ ಇಳೀತೀನಿ" ಎಂದಳು. ದಪ್ಪ ಮನುಷ್ಯ ಕೂಡ ಅಕ್ಷರದ ಮುಂದಿನಿಂದ ಸರಿದ.

ಬೀಗ ತೆರೆಯಿತು. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಜಾಕೆಟ್ಟುಗಳು ಹೊರಬಂದವು, ಸಣ್ಣವು, ದೊಡ್ಡವು, ಒಂದು ಕೈಗಾಡಿ ತುಂಬ. ಹದಿನೇಳು ಜನ ಎರಡನೆಯ ಸರದಿಗೆಂದು ಇಳಿದರು. ಇಸ್ತ್ರಿ ಅಂಗಿಯವನು ಮೊದಲ ಸರದಿಯಲ್ಲೇ ಹೋದ. ಅಜ್ಜಿಯ ಕಡೆ ತಿರುಗಿ ಕೂಡ ನೋಡಲಿಲ್ಲ. ಅವನಿಗೆ ಕೆಲಸ ಸಿಕ್ಕಿತೋ ಇಲ್ಲವೋ ಅವಳಿಗೆ ತಿಳಿಯಲೇ ಇಲ್ಲ. ಎಷ್ಟೋ ದಿನ ಅದು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಎರಡನೆಯ ಸರದಿಗೆ ಅಜ್ಜಿ, ಅಜ್ಜ, ಮಕ್ಕಳು ಮುಂದೆ ಬಂದಾಗ ಮಾಲೀಕ ಅಡ್ಡ ನಿಂತ. "ನಿಮಗೆ ನಾಲ್ವರಿಗೂ ನನ್ನ ದೋಣೀಲಿ ಜಾಗ ಇಲ್ಲ. ಇವತ್ತೂ ಇಲ್ಲ, ಇನ್ನು ಯಾವತ್ತೂ ಇಲ್ಲ."

ಪುಟ್ಟಿಗೆ ಅಳು ಬಂತು. ಅಜ್ಜಿ ಅವಳ ಕಣ್ಣೊರೆಸಿದಳು. "ಅಳಬೇಡ. ನಾವೇನು ತಪ್ಪು ಮಾಡಿದೀವಿ ಅಂತ ಅಳ್ತೀಯ?"

ಬಸ್ಸಿನಲ್ಲಿ ಮೂರು ಗಂಟೆ. ಗುಂಡ ಎರಡು ಸಲ ವಾಂತಿ ಮಾಡಿಕೊಂಡ. ಅಜ್ಜನ ಮಂಡಿ ಊದಿಕೊಂಡು ಕುಂಬಳಕಾಯಿಯಾಯಿತು. ಮಗಳು ಅದಕ್ಕೆ ಮಂಜುಗಡ್ಡೆ ಒತ್ತುತ್ತಾ ಸಿಡುಕಿದಳು: "ಊರ ಉಸಾಬರಿ ಎಲ್ಲಾ ನಿನಗೇ ಯಾಕಮ್ಮಾ?"

"ನಿನ್ನ ಮಕ್ಕಳನ್ನ ನನ್ನ ಕೈಗೆ ಕೊಟ್ಟಿದ್ದೆ. ಅಲ್ಲೊಬ್ಬ ಹುಡುಗಿ ತನ್ನ ಕೂಸನ್ನ ಆ ದೋಣಿಯವನ ಕೈಗೆ ಕೊಟ್ಟಿದ್ಲು. ಎರಡಕ್ಕೂ ಏನೇ ವ್ಯತ್ಯಾಸ?"

ಮಗಳು ಮಂಜುಗಡ್ಡೆಯ ಚೀಲವನ್ನು ಮಂಡಿಯ ಇನ್ನೊಂದು ಬದಿಗೆ ಸರಿಸಿದಳು.

ಒಂದು ವಾರದ ಮೇಲೆ ಹಿಂದಿರುಗುವಾಗ ಬಸ್ಸಿನ ಹೊತ್ತು ಹೇಳಲು ಬಂದ ಮಗಳಿಗೆ, "ಬಸ್ಸು ಯಾಕೆ?" ಎಂದಳು ಅಜ್ಜಿ. ಅಜ್ಜ ಹೆಂಡತಿಯನ್ನೊಮ್ಮೆ ನೋಡಿ, ಕೋಲು ಕೈಗೆತ್ತಿಕೊಂಡರು.

ಆಚೆ ದಡದ ಟಿಕೆಟ್ ಕಿಟಕಿಯಲ್ಲಿ ಕೂತಿದ್ದವನಿಗೂ ಸುದ್ದಿ ಮುಟ್ಟಿತ್ತು. "ನಿಮಗೆ ಕೊಡಬಾರದು ಅಂತ ಮಾಲೀಕರು ಹೇಳಿದಾರಮ್ಮಾ," ಎಂದು ಮೆಲ್ಲಗೆ ಅಂದ.

"ಕೊಡಬೇಡಿ. ಯಾಕೆ ಕೊಡಲ್ಲ ಅಂತ ಒಂದು ಚೀಟೀಲಿ ಬರೆದು, ಸಹಿ ಹಾಕಿ ಕೊಡಿ. ಅಲ್ಲೀತನಕ ಇಲ್ಲೇ ನಿಂತಿರ್ತೀನಿ. ನನಗೆ ಕೆಲಸವಿಲ್ಲ, ನಿವೃತ್ತಿಯಾಗಿದೆ."

ಹಿಂದೆ ಸಾಲು ಬೆಳೆಯಿತು. ಅವನು ಪೆನ್ನು ಎತ್ತಿಕೊಂಡ, ಕಾಗದ ನೋಡಿದ, ಪೆನ್ನು ಕೆಳಗಿಟ್ಟ. ಎರಡು ಟಿಕೆಟ್ ಹರಿದು ಕಿಟಕಿಯಿಂದ ಆಚೆ ತಳ್ಳಿದ.

"ಎರಡು ಜಾಕೆಟ್ಟೂ," ಎಂದಳು ಅಜ್ಜಿ. "ಅವರದು ಸ್ವಲ್ಪ ದೊಡ್ಡದೇ ಇರ್ಲಿ, ಹೊಟ್ಟೆ ಇದೆ."